ನಿನ್ನ ಅಳತೆಯ ಕೋಟು

ಎಲೈ ಗೆಳೆಯಾ, ಭೈರೇಶಾ!

ಮೂರು ಭಾನುವಾರದಿಂದ ನೀನು ರಿಹರ್ಸಲ್ಲಿಗಿಲ್ಲ. ಫೋನೂ ಎತ್ತುತ್ತಿಲ್ಲ. ನಿನ್ನೆ ನಿನ್ನ ಮಗಳು ಅನು ಬಂದು ಮಂತ್ರಿಯ ಜರಿ ಕೋಟನ್ನು ನನ್ನ ಕೈಗಿಟ್ಟು, "ಅಪ್ಪ ಕೊಟ್ರು ಅಂಕಲ್" ಅಂದವಳೇ ಸ್ಕೂಟರ್ ತಿರುಗಿಸಿದಳು. ತೊಟ್ಟು ನೋಡಿದೆ. ಗುಂಡಿ ನನ್ನ ಹೊಟ್ಟೆಯ ಅರ್ಧ ದಾರಿಗೂ ಬರಲಿಲ್ಲ ಕಣೋ! ಇಪ್ಪತ್ತೆರಡು ವರ್ಷ ಟೇಪಿಲ್ಲದೆ ನನ್ನ ಅಳತೆ ಹೇಳಿದ ಟೈಲರ್ ನೀನು, ನಿನ್ನ ಕೈ ತಪ್ಪುವುದುಂಟೇ? ಕಿರಿದಾದ ಭುಜ, ಎಡಗಡೆ ಒಂದಿಂಚು ಇಳಿಸಿದ ಅಂಚು. ಇದು ನಿನ್ನದೇ ಅಳತೆ. ಪಾತ್ರ ಕೇಳುವ ಮೊದಲೇ ಹೊಲಿದಿಟ್ಟುಕೊಂಡಿದ್ದೆ, ಅಲ್ಲವೇ?

ನನ್ನ ನಾಟಕದ ಕುಂಟ ಮಂತ್ರಿ! ಕೆಂಗೇರಿ ಉಪನಗರದಲ್ಲಿ ವರ್ಷವರ್ಷ ಆ ಪಾತ್ರಕ್ಕೆ ಬೀಳುವ ಶಿಳ್ಳೆ ನನ್ನ ಸಾಧನೆ ಎಂದು ಎದೆ ತಟ್ಟಿಕೊಂಡೆ. ಸುಳ್ಳು. ಆ ನಡಿಗೆ ನಿನ್ನದು. ಕಾಮಾಕ್ಷಿಪಾಳ್ಯದ ನಿನ್ನ ಅಂಗಡಿ ಎದುರು ಟೀ ಕುಡಿಯುತ್ತಾ, ನೀನು ಪೋಲಿಯೋ ಕಾಲೆಳೆದುಕೊಂಡು ರಸ್ತೆ ದಾಟುವುದನ್ನು ನೋಡಿ ನೋಡಿ ಕದ್ದೆ. ನಿನಗೆ ಗೊತ್ತಿತ್ತು. "ಎಡಗೈ ಮಂಡಿ ಮೇಲೆ ಊರಪ್ಪಾ, ಇಲ್ದಿದ್ರೆ ಬಿದ್ದೋಗ್ತೀಯ" ಅಂತ ಪರದೆ ಪಕ್ಕದಿಂದ ನೀನೇ ತಿದ್ದಿದೆ. ಎಲ್ಲರ ಮಾತೂ ನಿನಗೆ ಬಾಯಿಪಾಠ, ಮರೆತವರಿಗೆ ಪಿಸುಗುಟ್ಟುವುದೂ ನಿನ್ನದೇ ಕೆಲಸ. ಮಾಗಡಿ ರಸ್ತೆಯಲ್ಲಿ ನೀನು ಬಸ್ಸು ಹತ್ತುವಾಗ "ಬೇಗ ಹತ್ರೀ, ಟೈಮಾಯ್ತು" ಅಂತ ಕಿರುಚುವ ಜನವೇ, ನಾನು ಅದೇ ಕಾಲನ್ನು ಅಭಿನಯಿಸಿದರೆ ಚಪ್ಪಾಳೆ ತಟ್ಟುತ್ತಾರೆ!

ನೀನು ಕೊನೆಯದಾಗಿ ರಿಹರ್ಸಲ್ಲಿಗೆ ಬಂದ ಅವತ್ತು ಕೇಳಿದ್ದು ಒಂದೇ ಮಾತು: "ಈ ಸಲ ಮಂತ್ರಿ ನಾನು ಮಾಡ್ಲಾ?" ಸಂಘದ ಅಧ್ಯಕ್ಷ ಗಂಗಾಧರಯ್ಯ ನಕ್ಕರು. "ನೋಡಿ ಭೈರೇಶ್, ಯೋಗಾನಂದ್ ಕುಂಟಿದ್ರೆ ಅದು ಕಲೆ. ನೀವು ಕುಂಟಿದ್ರೆ ಜನ ಅಯ್ಯೋ ಪಾಪ ಅಂತಾರೆ, ನಗಲ್ಲ. ಸ್ಟೇಜಿಗೆ ಮೆಟ್ಟಿಲು ಬೇರೆ ಇದೆ. ಬೇಜಾರು ಮಾಡ್ಕೋಬೇಡಿ, ನಾಟಕದ ದಿನ ನಿಮಗೊಂದು ಶಾಲು ಹಾಕಿಸ್ತೀವಿ."

"ಶಾಲು ಬೇಡ ಸಾರ್, ಪಾರ್ಟ್ ಕೊಡಿ" ಅಂದೆ ನೀನು.

ಮೈಕಿಲ್ಲದೆ ಕೊನೇ ಸಾಲಿಗೆ ಮುಟ್ಟುವ ಕಂಠ ನನ್ನದು! ಅವತ್ತು ಪಕ್ಕದ ಕುರ್ಚಿಗೂ ಮುಟ್ಟಲಿಲ್ಲ. ನಿನ್ನ ಮುಖ ನೋಡಲಾಗದೆ ಚಪ್ಪಲಿ ನೋಡುತ್ತಾ ಕೂತೆ. ಯಾಕೆ ಗೊತ್ತೇ? ನನಗೂ ಆ ಶಿಳ್ಳೆ ಬೇಕಿತ್ತು. ಗಂಗಾಧರಯ್ಯನವರನ್ನು ಮನಸ್ಸಿನಲ್ಲೇ ಬೈದೆ. ಬೈಯುತ್ತಾ ಬೈಯುತ್ತಾ ಅದು ನನಗೇ ತಾಗಿತು.

ಇವತ್ತು ಬೆಳಿಗ್ಗೆ ಅವರ ಮನೆಗೆ ಹೋಗಿ ಕೋಟನ್ನು ಟೀಪಾಯಿ ಮೇಲೆ ಹರಡಿ, "ಇದು ನನಗಾಗಲ್ಲ. ತೊಡೋನು ಬಂದ್ರೆ ನಾಟಕ, ಇಲ್ದಿದ್ರೆ ನನ್ನ ಸ್ಕ್ರಿಪ್ಟ್ ವಾಪಸ್ ಕೊಡಿ" ಅಂದೆ. "ನೋಡೋಣ" ಅಂದರು. ಅವರ "ನೋಡೋಣ" ಎಷ್ಟು ಉದ್ದ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಮೆಟ್ಟಿಲ ಪಕ್ಕಕ್ಕೆ ಒಂದು ಇಳಿಜಾರು ಹಲಗೆ ಹಾಕಿಸಿ ಅಂದರೆ, "ಒಬ್ಬರಿಗೋಸ್ಕರನಾ?" ಎಂದರು. ಬಡಗಿಗೆ ನಾನೇ ಹೇಳಿಬಂದೆ.

ನಾನು ತಡವಾಗಿ ಬಾಯಿ ಬಿಟ್ಟವನು. ಕ್ಷಮಿಸು ಅನ್ನುವ ಯೋಗ್ಯತೆ ಇಲ್ಲ. ಕೋಟು ಗ್ರೀನ್ ರೂಮಿನ ಮೊಳೆಯಲ್ಲಿದೆ. ಭಾನುವಾರ ನಾಲ್ಕಕ್ಕೆ ಬಂದು ತೊಡು. ನೀನು ಕೂರುತ್ತಿದ್ದ ಸ್ಟೂಲಿನ ಮೇಲೆ, ಪರದೆ ಪಕ್ಕದಲ್ಲಿ, ಪುಸ್ತಕ ಹಿಡಿದು ನಾನಿರುತ್ತೇನೆ. ನೀನು ಮಾತು ಮರೆಯುವವನಲ್ಲ, ಆದರೂ ಇರುತ್ತೇನೆ.

ಬಿಸಿನೀರೇ ಕುಡಿ. ನಿನ್ನ ಗಂಟಲು ನೂರು ಕಾಲ ಗಟ್ಟಿಯಾಗಿರಲಿ.

ಇನ್ನು ಪಿಸುಗುಟ್ಟಲಷ್ಟೇ ಬಾಯಿರುವ ನಿನ್ನ
ಯೋಗಾನಂದ