ಹುಣ್ಣಿಮೆಗೇ ಮುಗಿದ ಶ್ರಾದ್ಧ

ಡಿಸೆಂಬರ್ 26, ರಾತ್ರಿ

ತಾರೀಕು ನೋಡಿ ದುಃಖಪಡಲು ಹೊರಟ ನಾನೆಂಥ ಪೆದ್ದಿ! ಬೆಳಿಗ್ಗೆಯಿಂದ ಟಿವಿಯಲ್ಲಿ ಸುನಾಮಿಯದೇ ನೆನಪು, ಕಡಲಿಗೆ ಹಾಲೆರೆಯುವ ಹೆಂಗಸರು. ಮಾವನವರೂ 2004ರ ಆ ದಿನ ಚೆನ್ನೈನ ಮರೀನಾ ಬೀಚಿಗೆ ವಾಕಿಂಗ್ ಹೋದವರು ತಿರುಗಿ ಬರಲಿಲ್ಲ. ನನ್ನ ಮದುವೆಯಾಗಿ ಇದು ಮೊದಲ ವರ್ಷ, ಸೊಸೆಯಾಗಿ ಎಲ್ಲವನ್ನೂ ನಾನೇ ಮಾಡಬೇಕೆಂದು ಆಫೀಸಿಗೆ ರಜೆ ಹಾಕಿ ಮಲ್ಲಿಗೆ ಮಾಲೆ ತಂದೆ.

“ಶ್ರಾದ್ಧ ಹುಣ್ಣಿಮೆಗೇ ಆಯ್ತಲ್ಲಮ್ಮಾ,” ಎಂದರು ಅತ್ತೆ. “ನಾವು ತಿಥಿ ನೋಡೋದು, ತಾರೀಕಲ್ಲ.”

ಆ ಹುಣ್ಣಿಮೆಗೇ ನನ್ನನ್ನು ಪೆರಂಬೂರಿಗೆ, ಅಮ್ಮನ ಮನೆಗೆ ಕಳಿಸಿದ್ದರು. ಎಷ್ಟು ಕುಣಿದುಕೊಂಡು ಹೋಗಿದ್ದೆ!

“ಬೇರೆ ಜಾತಿ ಹುಡುಗಿ ಮಡಿ ಅಡಿಗೆಗೆ ಬರಬಾರದು ಅಂದ್ರು ಆಚಾರ್ರು. ನಿಂಗೆ ಹೇಗೆ ಹೇಳ್ಲಿ, ಅಶ್ವಿ?” ಎಂದ ಉಪೇಂದ್ರ. ನನ್ನ ಮುದ್ದು ಗಂಡ, ನನ್ನ ಮುಖ ನೋಡಲೇ ಇಲ್ಲ.

ಈ ಮನೆಯವರು ನನ್ನನ್ನು ಹಬ್ಬಕ್ಕೆ, ನಗುವಿಗೆ, ಫೋಟೋಗಳಿಗೆಲ್ಲ ಸೇರಿಸಿಕೊಂಡಿದ್ದಾರೆ. ದುಃಖಕ್ಕೆ ಮಾತ್ರ ಇನ್ನೂ ಇಲ್ಲ.

ಅತ್ತೆ ಮಾಲೆಯನ್ನು ಕೈಗೆ ತೆಗೆದುಕೊಂಡರು. “ಅವರಿಗೆ ಮಲ್ಲಿಗೆ ವಾಸನೆ ಅಂದ್ರೆ ತಲೆನೋವು,” ಎಂದರು. ಆಮೇಲೆ ಅದನ್ನೇ ಫೋಟೋಗೆ ಹಾಕಿದರು.

ಮಾವನವರ ಬಗ್ಗೆ ಅವರು ನನಗೆ ಹೇಳಿದ ಮೊದಲ ಮಾತು ಅದು. ಇನ್ನೊಂದು ಹೇಳಬಹುದೆಂದು ಅಲ್ಲೇ ನಿಂತಿದ್ದೆ. ಅವರು ಹೇಳಲಿಲ್ಲ, ನನಗೆ ಹೋಗು ಅಂತಲೂ ಅನ್ನಲಿಲ್ಲ.