ಬರಿಗಣ್ಣಿಗೆ ಕಾಣುವಷ್ಟು ದೂರ

ಮೇ 4, ಬೆಳಿಗ್ಗೆ

ಡ್ರೋನಿನ ಹೊಟ್ಟೆಗೆ ನೋಂದಣಿ ನಂಬರ್ ಅಂಟಿಸಿದ್ದಾಯಿತು. ಹೊರದೇಶದಿಂದ ಬಂದವರಿಗೂ ಕಡ್ಡಾಯವಂತೆ. ಇದೇ ಡ್ರೋನ್ ಹಿಡಿದು ಊರಲ್ಲಿ ಎಷ್ಟು ಮದುವೆ ಶೂಟ್ ಮಾಡಿಲ್ಲ ನಾನು... ಅತ್ತೆ ಹೋಟೆಲ್ ಮಂಚದ ಮೇಲೆ ಕೂತು ನೋಡುತ್ತಿದ್ದರು.

"ಈ ದೇಶದಲ್ಲಿ ಕಾಗೆನೂ ಪಾಸ್‌ಪೋರ್ಟ್ ಇಟ್ಕೊಂಡೇ ಹಾರ್ಬೇಕೇನೋ!"

ನಕ್ಕೆವು. ನನ್ನವರು ತೀರಿಹೋದ ಮೇಲೆ ಅತ್ತೆ-ಸೊಸೆ ಒಟ್ಟಿಗೆ ನಕ್ಕಿದ್ದು ಇದೇ ಮೊದಲು. ಆಮೇಲೆ ಇಬ್ಬರಿಗೂ ನಾಚಿಕೆಯಾಯಿತು.

ಮೇ 5, ಸಂಜೆ

ಬಂದರಿನ ಕಚೇರಿಗೆ ಹೋಗಿಬಂದೆವು. ನನ್ನವರು ಕೆಲಸಕ್ಕಿದ್ದ ದೋಣಿ ಮಗುಚಿದ್ದು ಸಮುದ್ರದೊಳಗಿನ ಕೆಂಪು ದೀಪದ ಕಂಬದ ಹತ್ತಿರ. ದೇಹ ಸಿಗಲೇ ಇಲ್ಲ. ಅದು ಹಡಗಿನ ದಾರಿ, ನಮ್ಮಂಥವರ ದೋಣಿ ಬಿಡುವುದಿಲ್ಲ. ಆ ಜಾಗವನ್ನು ಒಂದು ಸಲ ನೋಡಬೇಕೆಂದೇ ಅತ್ತೆ ಇಲ್ಲಿಯವರೆಗೆ ಬಂದಿರುವುದು.

ಅಧಿಕಾರಿ ಒಳ್ಳೆಯವನು. ಏಳನೇ ತಾರೀಕು ಅಲ್ಲಿಗೆ ಡ್ರೋನ್ ಹಾರಿಸಲು ಅನುಮತಿ ಕೊಟ್ಟ. ಷರತ್ತು — ಡ್ರೋನ್ ಸದಾ ಬರಿಗಣ್ಣಿಗೆ ಕಾಣುತ್ತಿರಬೇಕು. ನಾನು ಸ್ಕ್ರೀನ್ ನೋಡುವಾಗ ಪಕ್ಕದಲ್ಲೊಬ್ಬರು ಆಕಾಶ ನೋಡುತ್ತಾ ನಿಂತಿರಬೇಕು. ಕಾಣದಾದ ಕ್ಷಣವೇ ವಾಪಸ್.

"ನಾನೇ ನಿಲ್ತೀನಿ," ಅಂದರು ಅತ್ತೆ. "ದೂರದ್ದೆಲ್ಲ ಚೆನ್ನಾಗೇ ಕಾಣುತ್ತೆ ನಂಗೆ."

ಮೇ 7

ನಡೆದದ್ದನ್ನು ಬರೆದುಬಿಡಬೇಕು.

ಅಲೆ ತಡೆಯುವ ಗೋಡೆಯ ತುದಿಯಿಂದ ಹಾರಿಸಿದೆ. ಗಾಳಿ ಇತ್ತು.

"ಕಾಣ್ತಿದ್ಯಾ ಅತ್ತೆ?"

"ಕಾಣ್ತಿದೆ. ಹೋಗ್ಲಿ."

ಮತ್ತೆ ಕೇಳಿದೆ. "ಕಾಣ್ತಿದೆ ಕಣೆ, ಹೋಗ್ಲಿ ಹೋಗ್ಲಿ."

ಸ್ಕ್ರೀನಿನಲ್ಲಿ ಸಾಸಿವೆಯಷ್ಟಿದ್ದ ಕೆಂಪು ಕಂಬ ಕಡ್ಡಿಯಷ್ಟಾಯಿತು. ಬ್ಯಾಟರಿ ಮುಗಿಯುತ್ತಿದೆಯೆಂದು ರಿಮೋಟ್ ಕಿರುಚತೊಡಗಿತು. ಇಷ್ಟು ದೂರ ಹೇಗೆ ಕಾಣುತ್ತದೆ... ತಲೆಯೆತ್ತಿದೆ. ನನಗಂತೂ ಬರೀ ಆಕಾಶ. ಪಕ್ಕಕ್ಕೆ ತಿರುಗಿದರೆ — ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಮುಚ್ಚಿಕೊಂಡೇ ಹೇಳುತ್ತಿದ್ದರು, "ಕಾಣ್ತಿದೆ."

ರಿಟರ್ನ್ ಬಟನ್ ಒತ್ತಿಬಿಟ್ಟೆ. ಮದುವೆ ಮನೆಗಳ ಅಭ್ಯಾಸ, ಕೈ ತಾನಾಗಿ ಹೋಯಿತು. ಕಂಬದವರೆಗೆ ತಲುಪಲೇ ಇಲ್ಲ. ಡ್ರೋನ್ ಬಂದು ಕಾಲ ಬಳಿ ಇಳಿಯಿತು. ಅತ್ತೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಮೇ 10, ಏರ್‌ಪೋರ್ಟ್

ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದರು. ನಾನೇನು ತಪ್ಪು ಮಾಡಿದೆ? ನಿಯಮ ಮುರಿಯಲಿಲ್ಲ, ಅಷ್ಟೇ. ಸಿಟ್ಟೂ ಬಂದಿತ್ತು. ಈಗ ಗೇಟಿನ ಮುಂದೆ ಕೂತಾಗ ತಾವಾಗಿಯೇ ಕೇಳಿದರು.

"ಇನ್ನೊಂಚೂರು ಬಿಟ್ಟಿದ್ರೆ ಏನಾಗ್ತಿತ್ತು?"

"ಅಲ್ಲೇ ನೀರಿಗೆ ಬಿದ್ದುಹೋಗ್ತಿತ್ತು ಅತ್ತೆ. ವಾಪಸ್ ಬರೋಷ್ಟು ಬ್ಯಾಟರಿ ಇರ್ತಿರ್ಲಿಲ್ಲ."

"ಬೀಳ್ಲಿ ಅಂತಾನೇ ಹೋಗ್ಲಿ ಅಂದಿದ್ದು ನಾನು." ಸೆರಗು ಸರಿಮಾಡಿಕೊಂಡು, "ನಮ್ಮನೇದು ಅಂತ ಒಂದು ವಸ್ತುನಾದ್ರೂ ಅವನ ಹತ್ರ ಇರ್ತಿತ್ತು."

ಡ್ರೋನ್ ಚೀಲ ನನ್ನ ತೊಡೆಯ ಮೇಲಿದೆ. ಡ್ರೋನ್ ಕೊಡಿಸಿದ್ದೇ ನನ್ನವರು. ನನಗೇಕೆ ಹೊಳೆಯಲಿಲ್ಲ...

ಅಭ್ಯಾಸ ಎಂದು ಬರೆದಿದ್ದೆ. ಅಲ್ಲ. ಬಟನ್ ಒತ್ತುವಾಗ ತಲೆಯಲ್ಲಿದ್ದದ್ದು, ಡ್ರೋನ್ ಕಳೆದರೆ ಮುಂದಿನ ವಾರದ ಮದುವೆ ಬುಕಿಂಗ್ ಹೋಗುತ್ತದೆ ಎಂಬುದು. ಅತ್ತೆಗೆ ಇದನ್ನು ಯಾವ ಬಾಯಲ್ಲಿ ಹೇಳಲಿ —