ಮೂವರು ಮಕ್ಕಳು ಅಂದಿರಲ್ಲ

ಜಗಳೂರು,
ಗುರುವಾರ

ರೀ,

ಮೆಸೇಜ್ ಹಾಕದೆ ಕಾಗದ ಯಾಕೆ ಬರೆದಳು ಅಂತ ಹುಬ್ಬು ಗಂಟಿಕ್ಕಬೇಡಿ. ನಿಮ್ಮ ಮೊಬೈಲು ಅರ್ಧ ದಿನ ನಿಮ್ಮ ಅಣ್ಣನ ಮಗನ ಕೈಯಲ್ಲಿರುತ್ತೆ. ಬಂದದ್ದನ್ನೆಲ್ಲ ಅವನು ಪಡಸಾಲೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಾನೆ. ಇದನ್ನು ನನ್ನ ತಮ್ಮ ಶರಣು ನ್ಯಾಮತಿಗೆ ಬಂದು ನಿಮ್ಮ ಕೈಗೇ ಕೊಡುತ್ತಾನೆ. ಗಾಡಿ ಪಕ್ಕಕ್ಕೆ ಹಾಕಿ ಒಬ್ಬರೇ ಓದಿ.

ನನಗೆ ಅನುಮಾನ ಜಾಸ್ತಿ ಅಂತ ಮದುವೆಯಾದ ಹೊಸದರಲ್ಲೇ ಹೇಳಿದ್ದಿರಿ. ಹೌದು, ಜಾಸ್ತಿಯೇ. ಆದರೆ ಈ ವರ್ಷ ಅನುಮಾನ ಪಡದೆ ಇರೋಕೆ ನಾನೇನು ಕಲ್ಲೇ? ಮೆಕ್ಕೆಜೋಳದ ಚೀಲಗಳನ್ನು ಒಬ್ಬರೇ ಲಗೇಜ್ ಆಟೋಗೆ ಏರಿಸುತ್ತಿದ್ದವರು, ಎರಡು ಚೀಲಕ್ಕೇ ಗಾಡಿಗೆ ಒರಗಿ ಕೂರತೊಡಗಿದಿರಿ. ಬಾಯಿ ತೆಗೆದರೆ ಸಿಡುಕು. ವಾರಗಟ್ಟಲೆ ಕ್ಷೌರ ಮಾಡಿಸದಿದ್ದರೂ ಗಡ್ಡ ಬೆಳೆಯದು. ಹಾಸಿಗೆಗೆ ಬಂದರೆ ಗೋಡೆ ಕಡೆ ತಿರುಗಿ ಮಲಗೋದು. ಮೊದಲು ಕುಡಿತ ಅಂದುಕೊಂಡು ಬಾಯಿ ಮೂಸಿ ನೋಡಿದೆ. ಇಲ್ಲ. ಆಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಅಂತ ಅಂತರಘಟ್ಟಮ್ಮನಿಗೆ ಹರಕೆ ಹೊತ್ತೆ. ಅದರಿಂದಲೂ ಏನೂ ಆಗದಿದ್ದಾಗ ಉಳಿದದ್ದು ಇನ್ನೊಬ್ಬಳು.

ಅದಕ್ಕೆ ಸರಿಯಾಗಿ ನೀವೂ ನಡೆದುಕೊಂಡಿರಿ. ಒಂದು ಬೆಳಗ್ಗೆ ಟೀ ಬೇಡ, ರೊಟ್ಟಿ ಬೇಡ ಅಂತ ಹೊನ್ನಾಳಿಗೆ ಹೊರಟಿರಿ. ಕೆಲವು ದಿನ ಬಿಟ್ಟು ಮತ್ತೆ ಹಾಗೆಯೇ. ಗಂಡಸು ಖಾಲಿ ಹೊಟ್ಟೆಯಲ್ಲಿ ಮನೆ ಬಿಡುತ್ತಾನೆ ಅಂದರೆ ಎಲ್ಲೋ ಅವನಿಗೆ ಬಿಸಿ ರೊಟ್ಟಿ ಕಾದಿದೆ ಅಂತ ಲೆಕ್ಕ ಹಾಕಿದೆ. ರಕ್ತ ಪರೀಕ್ಷೆಗೆ ಹೋಗಿದ್ದಿರಿ ಅಂತ ನನಗೇನು ಕನಸು ಬಿದ್ದಿತ್ತೇ?

ಅವತ್ತು ಮಧ್ಯಾಹ್ನ ನೀವು ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಗಾಡಿಯಲ್ಲಿ ಚಾನಲ್ ಕಾಲುವೆಯ ಏರಿ ಮೇಲೆ ಹೋದಿರಿ. ನೆಟ್‌ವರ್ಕ್ ಸರಿಯಾಗಿ ಸಿಗೋದು ಅಲ್ಲೇ. ನಾನು ಹುಲ್ಲು ತರೋ ನೆಪದಲ್ಲಿ ಕುಡುಗೋಲು ಹಿಡಿದು ಹಿಂದೆ ಬಂದೆ, ಜಾಲಿ ಮರದ ಮರೆಯಲ್ಲಿ ನಿಂತೆ. ವಿಡಿಯೋ ಕಾಲಿನಲ್ಲಿ ಹೆಣ್ಣು ದನಿ. "ದುರುಗೇಶ್ ಅವರೇ, ಹೆಂಡತಿ ಜೊತೆ ಸೇರಬೇಕು ಅನ್ನೋ ಆಸೆ ಕಡಿಮೆ ಆಗಿ ಎಷ್ಟು ದಿನ ಆಯ್ತು?" ಅಂತ ಆಕೆ ಕೇಳಿದಾಗ ನನ್ನ ಮೈಯೆಲ್ಲ ಉರಿದುಹೋಯಿತು. ಇಂಥದ್ದನ್ನು ಕೇಳೋವಷ್ಟು ಸಲಿಗೆ ಯಾರಿಗಿದೆ? ನೀವೋ, ಮೇಷ್ಟ್ರ ಮುಂದೆ ನಿಂತ ಹುಡುಗನ ಹಾಗೆ, "ವರ್ಸದ ಮೇಲಾತು ಮೇಡಂ" ಅಂದಿರಿ. ನನಗೆ ಒಂದು ದಿನವೂ ಹೇಳದ ಮಾತು ಅದು.

ಎರಡು ಸಲದ ಬೆಳಗಿನ ರಕ್ತದಲ್ಲೂ ಟೆಸ್ಟೋಸ್ಟೆರಾನ್ ಕಡಿಮೆ ಬಂದಿದೆ, ಅದು ಗಂಡಸರ ಹಾರ್ಮೋನು, ಸುಸ್ತು ಸಿಡುಕು ಎಲ್ಲ ಅದರದ್ದೇ ಇರಬಹುದು ಅಂತ ಆಕೆ ಹೇಳಿದಾಗಲೇ ಡಾಕ್ಟರು ಅಂತ ಗೊತ್ತಾದದ್ದು. ಒಂದು ಅನುಮಾನ ಹೋಗಿ ಇನ್ನೊಂದು ಬಂತು. ಕೈ ಹಿಡಿದು ನಾಡಿ ನೋಡದವಳು ಎಂಥ ಡಾಕ್ಟರು? ಆದರೆ ನಿಮ್ಮ ಕಷ್ಟವೂ ಅರ್ಥವಾಯಿತು. ನ್ಯಾಮತಿಯಲ್ಲಿ ಮೆಡಿಕಲ್ ಶಾಪಿನವನು ನಿಮ್ಮ ಅಣ್ಣನ ದೋಸ್ತ್. ಅಲ್ಲಿ ಕೇಳಿದ ಮಾತು ನಿಮಗಿಂತ ಮುಂಚೆ ಮನೆ ಸೇರುತ್ತಿತ್ತು.

ಆಕೆ ನಿದ್ದೆ ಕೇಳಿದರು, ಗೊರಕೆ ಕೇಳಿದರು. "ಮಕ್ಕಳೆಷ್ಟು?" ಅಂದರು. "ಮೂವರು ಮೇಡಂ" ಅಂದಿರಿ.

ಅದಕ್ಕೆ ನಾನು ಬೇಸರ ಮಾಡಿಕೊಂಡಿಲ್ಲ. ಯಾರು ಕೇಳಿದರೂ ನೀವು ಹೇಳೋದು ಹಾಗೇ. ಚಿಕ್ಕಹನುಮಂತಪ್ಪ ಭಾವನ ಮಕ್ಕಳು ಬೇರೆ, ನಮ್ಮವರು ಬೇರೆ ಅಂತ ಒಂದೇ ಒಲೆಯ ಮನೆಯಲ್ಲಿ ಯಾರೂ ಎಣಿಸೋಲ್ಲ. ಬಸ್ಸಿನಲ್ಲಿ ಯಾರಾದರೂ ಕೇಳಿದರೆ ನಾನೂ ಮೂವರು ಅಂತಲೇ ಹೇಳಿಬಿಡುತ್ತೇನೆ.

ಆದರೆ ಆಮೇಲಿನ ಮಾತು ರೂಢಿಯದ್ದಲ್ಲ. ಆಕೆ ಬಿಡಿಸಿ ಹೇಳಿದರು. ಮೈಗೆ ಹಚ್ಚೋ ಹಾರ್ಮೋನಿನ ಜೆಲ್ ಕೊಡಬಹುದು, ಆದರೆ ಅದನ್ನು ಹಚ್ಚಿದರೆ ವೀರ್ಯಾಣು ತೀರಾ ಕಡಿಮೆಯಾಗಬಹುದು, ಮುಂದೆ ಮಗು ಬೇಕು ಅನ್ನುವವರಿಗೆ ಅದು ಬೇಡ ಅಂದರು. "ನಿಮಗೆ ಮೂವರಿದ್ದಾರೆ, ಸಾಕಲ್ವಾ?" ಅಂದರು. ನೀವು ಚಾನಲ್ ನೀರಿನ ಕಡೆ ಮುಖ ತಿರುಗಿಸಿದಿರಿ. ಆಮೇಲೆ, "ಸಾಕು ಮೇಡಂ, ಕೊಡ್ರಿ" ಅಂದಿರಿ.

ಜಾಲಿ ಮುಳ್ಳಿಗೆ ಸೆರಗು ಸಿಕ್ಕಿ ಹರಿದದ್ದೂ ನನಗೆ ಗೊತ್ತಾಗಲಿಲ್ಲ. ನಿಮ್ಮ ಪಕ್ಕಕ್ಕೆ ಬಂದು, "ಮೂರೂ ನಮ್ಮ ಭಾವನ ಮಕ್ಳು ಮೇಡಂ. ನನ್ನ ಹೊಟ್ಟೇಲಿ ಒಂದೂ ಹುಟ್ಟಿಲ್ಲ" ಅಂದೆ. ಆ ಡಾಕ್ಟರು ಬರೆಯೋದು ನಿಲ್ಲಿಸಿದರು. ಹಾಗಾದರೆ ಈ ಜೆಲ್ ಈಗ ಬೇಡವೇ ಬೇಡ ಅಂದರು. ಹಾರ್ಮೋನು ಯಾಕೆ ಕಡಿಮೆಯಾಗಿದೆ ಅಂತ ಇನ್ನೂ ನೋಡಬೇಕು, ವೀರ್ಯ ಪರೀಕ್ಷೆಯಾಗಬೇಕು, ಇದು ಫೋನಿನಲ್ಲಿ ಮುಗಿಯೋದಲ್ಲ, ಇಬ್ಬರೂ ದಾವಣಗೆರೆಯಲ್ಲಿ ತೋರಿಸಿ, ಮಗುವಿಗೆ ಅಡ್ಡಿಯಾಗದ ಔಷಧಿಗಳೂ ಇವೆ ಅಂದರು. ನಾಡಿ ನೋಡದವಳನ್ನು ನಾನು ನಂಬಿದ್ದು ಆಗಲೇ. ಕೊನೆಗೆ ನನ್ನನ್ನು ಕೇಳಿದರು, "ಇಷ್ಟು ವರ್ಷ ನಿಮ್ಮ ಯಜಮಾನರ ಪರೀಕ್ಷೆ ಯಾರೂ ಮಾಡಿಸಲಿಲ್ವಾ?"

ಮಾಡಿಸಲಿಲ್ಲ ರೀ. ಸ್ಕ್ಯಾನಿಂಗ್ ನನಗೆ, ಗುಳಿಗೆ ನನಗೆ, ಸೋಮವಾರದ ಉಪವಾಸ ನನಗೆ. ನನ್ನ ವಾರಗಿತ್ತಿ ನಾಗರತ್ನಕ್ಕನ ತಂಗಿಯ ಸೀಮಂತಕ್ಕೆ ಮನೆಮಂದಿಯೆಲ್ಲ ಚನ್ನಗಿರಿಗೆ ಹೋದಾಗ ನನಗೆ ದನ ನೋಡಿಕೋ ಅಂದರು. ನೀವು ಪ್ರತಿ ಸಲ ಆಸ್ಪತ್ರೆ ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುತ್ತಿದ್ದಿರಿ, ನಾನು ಇಂಥ ಗಂಡ ಯಾರಿಗಿದ್ದಾನೆ ಅಂದುಕೊಳ್ಳುತ್ತಿದ್ದೆ. ಈಗ ಆ ಕಾಯೋದರ ಮೇಲೂ ಅನುಮಾನ. ಒಳಗೆ ಬಂದರೆ ನಿಮ್ಮನ್ನೂ ಕೇಳುತ್ತಾರೆ ಅಂತಲೇ ಹೊರಗೆ ನಿಲ್ಲುತ್ತಿದ್ದಿರಾ? ಆ ಜೆಲ್ ಹಚ್ಚಿಕೊಂಡು ನೀವು ಹುರುಪಾಗಿ ಓಡಾಡಿದ್ದರೆ ಮಗು ಆಗದ್ದು ಮತ್ತೆ ನನ್ನ ತಲೆಗೇ ಬರುತ್ತಿತ್ತು. ಅದು ಗೊತ್ತಿದ್ದೂ ಸಾಕು ಅಂದಿರೋ, ಮೊದಲು ಹೇಳಿದ್ದನ್ನು ತಿದ್ದೋಕೆ ನಾಚಿಕೆಯಾಗಿ ಅಂದಿರೋ? ಅವತ್ತು ಏರಿಯಿಂದ ಗಾಡಿಯಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಕೇಳಿದೆ. ಎದುರಿಗೆ ಯಾರೂ ಇಲ್ಲದಿದ್ದರೂ ನೀವು ಹಾರನ್ ಒತ್ತುತ್ತಾ ಬಂದಿರಿ. ಮರುದಿನ ನಾನು ತವರಿನ ಬಸ್ಸು ಹತ್ತಿದೆ.

ಸೋಮವಾರ ದಾವಣಗೆರೆ ಡಾಕ್ಟರ ಹತ್ತಿರ ಇಬ್ಬರ ಹೆಸರೂ ಬರೆಸಿದ್ದೇನೆ. ನಾನು ಇಲ್ಲಿಂದ ನೇರ ಅಲ್ಲಿಗೇ ಬರುತ್ತೇನೆ. ನೀವು "ಬಾಡಿಗೆ ಐತೆ" ಅಂತ ಹೇಳಿ ಮನೆ ಬಿಡಬೇಡಿ. ಭಾವನ ಎದುರು, ನಾಗರತ್ನಕ್ಕನ ಎದುರು, "ಮಗು ಆಗದ್ದಕ್ಕೆ ನನ್ನ ಪರೀಕ್ಷೆ ಮಾಡಸಾಕೆ ಹೊಂಟೀನಿ" ಅಂತ ಬಾಯಿಬಿಟ್ಟು ಹೇಳಿ ಬನ್ನಿ. ಹೇಳಿದಿರಾ ಅಂತ ನಿಮ್ಮನ್ನು ಕೇಳೋದಿಲ್ಲ. ಅಕ್ಕನಿಗೇ ಫೋನ್ ಮಾಡುತ್ತೇನೆ.

ನನಗೆ ನಿಮ್ಮ ಮೇಲೆ ಆಸೆ ಹೋಗಿಲ್ಲ. ಮಗು ಆಗದಿದ್ದರೂ ನಿಮ್ಮ ಜೊತೆ ಬಾಳುತ್ತೇನೆ, ನಿಮ್ಮ ಸಿಡುಕನ್ನೂ ಸಹಿಸುತ್ತೇನೆ. ಬಂಜೆ ಅನ್ನೋ ಹೆಸರನ್ನು ಮಾತ್ರ ಇನ್ನು ಒಬ್ಬಳೇ ಹೊರೋದಿಲ್ಲ.

ದೇವರು ನಿಮ್ಮ ಬಾಯಿಗೆ ಧೈರ್ಯ ಕೊಡಲಿ.

ಸೋಮವಾರದವರೆಗಂತೂ ನಿಮ್ಮವಳೇ,
ಪ್ರಮೀಳಾ